ಬೀಗ ಬಿದ್ದ ಮನೆಗೆ ವಿಮೆಯ ಕಾವಲು

ಜುಲೈ ತಿಂಗಳಲ್ಲಿ ತೀರ್ಥಹಳ್ಳಿ, ಸಿರಸಿ, ಸಕಲೇಶಪುರ, ಸೋಮವಾರಪೇಟೆ ಕಡೆ ಒಂದು ಸುತ್ತು ಹೋದರೆ ಊರೂರಿಗೂ ಬೀಗ ಬಿದ್ದ ಮನೆಗಳು ಕಾಣುತ್ತವೆ. ಅಂಗಳದಲ್ಲಿ ಪಾಚಿ, ಜಗಲಿಯ ಮೇಲೆ ಒಣಗಿದ ಎಲೆ, ಬಾಗಿಲಿಗೆ ದಪ್ಪ ಬೀಗ. ಇವೆಲ್ಲ ಯಾರಿಗೂ ಬೇಡವಾದ ಮನೆಗಳಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಅಪ್ಪ–ಅಮ್ಮ ಮೊಮ್ಮಗುವನ್ನು ನೋಡಿಕೊಳ್ಳಲು ಅಲ್ಲಿಗೇ ಹೋಗಿದ್ದಾರೆ. ದೀಪಾವಳಿಗೆ, ಮದುವೆಗೆ, ಬೇಸಿಗೆ ರಜೆಗೆ ಬಾಗಿಲು ತೆರೆಯುತ್ತದೆ. ಉಡುಪಿ, ಕುಂದಾಪುರದ ಹಳ್ಳಿಗಳಲ್ಲಿ ಮುಂಬೈಯವರ, ದುಬೈಯವರ ಮನೆಗಳಿವೆ. ನಾಗನಿಗೆ ತಂಬಿಲ ಕೊಡುವ ದಿನ, ಕೋಲದ ರಾತ್ರಿ ಅಲ್ಲಿ ಐವತ್ತು ಎಲೆ ಬೀಳುತ್ತದೆ. ಉಳಿದ ದಿನ ಹಂಚಿನ ಮೇಲೆ ಮಳೆ ಬೀಳುತ್ತದೆ. ಕೊಡಗಿನ ಎಷ್ಟೋ ಐನ್‌ಮನೆಗಳಲ್ಲಿ ಒಕ್ಕದವರೆಲ್ಲ ಕೂಡುವುದು ಕೈಲ್ ಮುಹೂರ್ತಕ್ಕೆ, ಪುತ್ತರಿಗೆ.

ಇವುಗಳ ಜೊತೆಗೆ ಹೊಸ ಬಗೆಯ ಎರಡನೆಯ ಮನೆಗಳೂ ಎದ್ದಿವೆ: ಚಿಕ್ಕಮಗಳೂರಿನ ಕಾಫಿ ತೋಟದ ನಡುವಿನ ವಾರಾಂತ್ಯದ ಬಂಗಲೆ, ನಂದಿ ಬೆಟ್ಟದ ತಪ್ಪಲಿನ ಫಾರ್ಮ್‌ಹೌಸ್, ಗೋಕರ್ಣದ ಕಡೆ ಕಡಲಿಗೆ ಮುಖ ಮಾಡಿದ ವಿಲ್ಲಾ, ನಿವೃತ್ತಿಗೆಂದು ಮೈಸೂರಿನಲ್ಲಿ ಕೊಂಡಿಟ್ಟ ಫ್ಲ್ಯಾಟ್. ಅಜ್ಜ ಕಟ್ಟಿಸಿದ್ದಿರಲಿ, ಮೊಮ್ಮಗ ಸಾಲ ತೆಗೆದು ಕಟ್ಟಿಸಿದ್ದಿರಲಿ, ಇವೆಲ್ಲಕ್ಕೂ ಸಮಾನವಾದ ಸಂಗತಿ ಒಂದೇ. ಏನಾದರೂ ಆದಾಗ ಒಳಗೆ ಯಾರೂ ಇರುವುದಿಲ್ಲ.

ವಾಸದ ಮನೆಯಲ್ಲಿ ಪೈಪು ಒಡೆದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ವೈರು ಸುಟ್ಟ ವಾಸನೆ ಬಂದರೆ ಯಾರೋ ಮೇನ್ ಸ್ವಿಚ್ ಆರಿಸುತ್ತಾರೆ. ಬೀಗ ಹಾಕಿದ ಮನೆಯಲ್ಲಿ ಗಾಳಿಗೆ ಹಾರಿದ ನಾಲ್ಕು ಹಂಚಿನ ಜಾಗದಿಂದ ಎರಡು ತಿಂಗಳು ನೀರು ಸುರಿದು, ಅಟ್ಟದ ಹಲಗೆ ಕೊಳೆತು, ಗೋಡೆ ಉಬ್ಬಿ, ಕೊನೆಗೆ ಹಬ್ಬಕ್ಕೆ ಬಂದವರು ಬಾಗಿಲು ತೆರೆದಾಗ ಸಂಗತಿ ತಿಳಿಯುತ್ತದೆ. ವಿಮಾ ಕಂಪನಿಗಳು ಇಂಥ ಮನೆಯನ್ನು ಬೇರೆ ಕಣ್ಣಿನಿಂದ ನೋಡುವುದು ಇದೇ ಕಾರಣಕ್ಕೆ. ಆದರೆ ಪಾಲಿಸಿ ಕೊಳ್ಳುವವರು ಹೆಚ್ಚಾಗಿ ಈ ವ್ಯತ್ಯಾಸವನ್ನು ಯೋಚಿಸುವುದೇ ಇಲ್ಲ. ಬೆಂಗಳೂರಿನ ಮನೆಗೆ ಮಾಡಿಸಿದಂತೆಯೇ ಊರಿನ ಮನೆಗೂ ಆನ್‌ಲೈನಿನಲ್ಲಿ ನಾಲ್ಕು ಗುಂಡಿ ಒತ್ತಿ ಮಾಡಿಸುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ ಎಂದು ಹೇಳಿರುವುದಿಲ್ಲ. ಕ್ಲೇಮ್ ಹೊತ್ತಿಗೆ ತಕರಾರು ಏಳುವುದು ಅಲ್ಲಿಂದಲೇ.

ಮೊದಲು ಪಾಲಿಸಿಯಲ್ಲಿ ಏನಿದೆ ಎಂದು ನೋಡಬೇಕು. ಮನೆಗಳಿಗೆ ಹಿಂದೆ ಬೆಂಕಿ ಮತ್ತು ವಿಶೇಷ ಅಪಾಯಗಳ ಪಾಲಿಸಿ ಎಂಬುದೊಂದಿತ್ತು. ಅಂಗಡಿ, ಗೋದಾಮು, ಮನೆ ಎಲ್ಲದಕ್ಕೂ ಅದೇ ಅಂಗಿ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಮನೆಗಳಿಗೆಂದೇ ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ ವಿಮೆ ಮಾಡುವ ಸಾಮಾನ್ಯ ವಿಮಾ ಕಂಪನಿಗಳೆಲ್ಲ ಇದನ್ನು ಕೊಡಬೇಕೆಂದು ಆಗ ಸೂಚಿಸಿತು. ಹೆಸರಿನ ಹಿಂದೆ ಮುಂದೆ ಕಂಪನಿಯ ಹೆಸರು ಸೇರಿರಬಹುದು, ಒಳಗಿನ ಮೂಲ ಷರತ್ತು ಒಂದೇ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಚಂಡಮಾರುತ, ನೆರೆ, ಭೂಕುಸಿತ, ಕಾಡ್ಗಿಚ್ಚು, ಮರ ಅಥವಾ ವಾಹನ ಬಂದು ಬಡಿಯುವುದು, ನೀರಿನ ಟ್ಯಾಂಕು–ಪೈಪು ಒಡೆದು ಹರಿಯುವುದು, ಗಲಭೆ, ಭಯೋತ್ಪಾದನೆ – ಇವುಗಳಿಂದಾಗುವ ನಷ್ಟಕ್ಕೆ ಇದರಲ್ಲಿ ರಕ್ಷಣೆಯಿದೆ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಒಟ್ಟಿಗೆ ಮಾಡಿಸಬಹುದು.

ಈ ಪಟ್ಟಿಯಲ್ಲಿ ಕಳವು ಎಂಬ ಮಾತು ಬರಲಿಲ್ಲ. ಬೀಗ ಹಾಕಿ ಹೊರಟವರ ದೊಡ್ಡ ಭಯವೇ ಕಳ್ಳರದು. ಆದರೆ ಈ ಪಾಲಿಸಿಯಲ್ಲಿ ಕಳವಿಗೆ ಪರಿಹಾರ ಸಿಗುವುದು ಒಂದೇ ಸಂದರ್ಭದಲ್ಲಿ: ಬೆಂಕಿ, ನೆರೆಯಂಥ ವಿಮೆಯೊಳಗಿನ ಅನಾಹುತ ಆಗಿ, ಅದರ ಕಾರಣದಿಂದಲೇ, 7 ದಿನದೊಳಗೆ ಕಳವಾಗಿರಬೇಕು. ಗಾಳಿಗೆ ಮರ ಬಿದ್ದು ಗೋಡೆ ಒಡೆದು, ಮರುದಿನ ಆ ಸಂದಿಯಿಂದ ನುಗ್ಗಿ ಸಾಮಾನು ಹೊತ್ತೊಯ್ದರೆ ಉಂಟು. ಸುಮ್ಮನೆ ಒಂದು ರಾತ್ರಿ ಬೀಗ ಒಡೆದು ಒಯ್ದರೆ ಇಲ್ಲ. ಅದಕ್ಕೆ ಮನೆಗಳ್ಳತನದ ವಿಮೆಯನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.

ಆ ವಿಮೆಗೂ ಅದರದೇ ಕಟ್ಟುಪಾಡುಗಳಿವೆ. ಬಾಗಿಲು, ಕಿಟಕಿ, ಹಂಚು ಯಾವುದನ್ನಾದರೂ ಬಲವಂತದಿಂದ ಒಡೆದು ಒಳನುಗ್ಗಿದ ಗುರುತು ಇರಬೇಕು. ಗೋದಾಮಿನ ಕಳವಿನ ಪ್ರಕರಣವೊಂದರಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಬಲಪ್ರಯೋಗದಿಂದ ನುಗ್ಗಿದ್ದರೆ ಮಾತ್ರ ಎಂದು ಪಾಲಿಸಿಯಲ್ಲಿ ಬರೆದಿದ್ದರೆ, ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರ ಕೇಳಲಾಗದು. ತುಳಸಿಕಟ್ಟೆಯ ಹಿಂದೆ, ಬಚ್ಚಲಿನ ಮಾಡಿನ ಸಂದಿಯಲ್ಲಿ ಕೀಲಿಕೈ ಇಟ್ಟು ಹೋಗುವ ಅಭ್ಯಾಸ ಊರುಗಳಲ್ಲಿ ಇವತ್ತಿಗೂ ಇದೆ. ಆ ಕೀಲಿಯಿಂದ ಬಾಗಿಲು ತೆರೆದು ಸಾಮಾನು ಒಯ್ದರೆ ತೋರಿಸಲು ಒಡೆದ ಗುರುತೇ ಇರುವುದಿಲ್ಲ. ಮನೆಯವರೋ ಕೆಲಸದವರೋ ಮಾಡಿದ ಕಳವನ್ನೂ ಇಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಮನೆ ಇಂತಿಷ್ಟು ದಿನಕ್ಕಿಂತ ಹೆಚ್ಚು ಖಾಲಿ ಬಿದ್ದಿದ್ದರೆ ಪರಿಹಾರವಿಲ್ಲ ಎಂಬ ಸಾಲು ಕೂಡ ಬಹಳಷ್ಟು ಪಾಲಿಸಿಗಳಲ್ಲಿರುತ್ತದೆ.

ಎರಡನೆಯ ಮನೆಯ ವಿಚಾರದಲ್ಲಿ ಇಡೀ ಪಾಲಿಸಿಯಲ್ಲಿ ಎಲ್ಲಕ್ಕಿಂತ ತೂಕದ ಸಾಲು ಇದು. ಹಳೆಯ ಬೆಂಕಿ ಪಾಲಿಸಿಯ ಷರತ್ತಿನಲ್ಲಿ ಇದು ಖಚಿತವಾಗಿಯೇ ಇತ್ತು: ಕಟ್ಟಡ 30 ದಿನಕ್ಕಿಂತ ಹೆಚ್ಚು ಕಾಲ ವಾಸವಿಲ್ಲದೆ ಉಳಿದರೆ, ಕಂಪನಿಯ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯದಿದ್ದರೆ, ವಿಮೆಯ ರಕ್ಷಣೆ ನಿಂತುಹೋಗುತ್ತಿತ್ತು. ಜೂನಿನಲ್ಲಿ ಬೀಗ ಹಾಕಿ ಹೋಗಿ ಆಗಸ್ಟಿನಲ್ಲಿ ಮನೆ ಕುಸಿದವರ ಕೈಯಲ್ಲಿದ್ದ ಕಾಗದಕ್ಕೆ ಜುಲೈಯಲ್ಲೇ ಜೀವವಿರಲಿಲ್ಲ. ಪ್ರೀಮಿಯಂ ಕಟ್ಟಿದ್ದೇನೆ ಎಂಬ ನೆಮ್ಮದಿಯಲ್ಲಿ ಎಷ್ಟು ಮನೆಯವರು ಹೀಗೆ ರಕ್ಷಣೆಯಿಲ್ಲದೆ ಮಳೆಗಾಲಗಳನ್ನು ಕಳೆದಿರಬಹುದು ಎಂದು ಯೋಚಿಸಿದರೆ ಸಂಕಟವಾಗುತ್ತದೆ. ಈಗಿನ ಪಾಲಿಸಿ ಯಾವುದೇ ಇರಲಿ, ಪ್ರಸ್ತಾವನೆ ಪತ್ರ ತುಂಬುವಾಗಲೇ ‘ಇದು ಖಾಯಂ ವಾಸದ ಮನೆಯಲ್ಲ, ವರ್ಷದಲ್ಲಿ ಇಷ್ಟು ತಿಂಗಳು ಬೀಗ ಹಾಕಿರುತ್ತದೆ, ಇಂಥವರು ಬಂದು ನೋಡಿಕೊಳ್ಳುತ್ತಾರೆ’ ಎಂದು ಬರೆದು, ಕಂಪನಿ ಅದನ್ನು ಒಪ್ಪಿದ ಪತ್ರವನ್ನೋ ಇಮೇಲನ್ನೋ ಪಾಲಿಸಿಯ ಜೊತೆ ಇಟ್ಟುಕೊಳ್ಳಬೇಕು. ‘ಪರವಾಗಿಲ್ಲ ಸಾರ್, ಎಲ್ಲಾ ಕವರ್ ಆಗ್ತದೆ’ ಎಂದು ಏಜೆಂಟರು ಫೋನಿನಲ್ಲಿ ಹೇಳಿದ ಮಾತು ಕ್ಲೇಮ್ ಫೈಲಿನಲ್ಲಿ ಇರುವುದಿಲ್ಲ.

ವಿಮೆ ಪರಸ್ಪರ ನಂಬಿಕೆಯ ಒಪ್ಪಂದ ಎಂಬುದು ಕಾನೂನಿನ ತಳಹದಿ. ಅಪಾಯವನ್ನು ಅಳೆಯಲು ಬೇಕಾದ ಸಂಗತಿಯನ್ನು ಮಾಡಿಸುವವರು ಮುಚ್ಚಿಟ್ಟರೆ ಪಾಲಿಸಿಯೇ ಬಿದ್ದುಹೋಗಬಹುದು. ನಿಜ ಹೇಳಿದರೆ ಪ್ರೀಮಿಯಂ ಒಂದಿಷ್ಟು ಏರಬಹುದು, ಕಂಪನಿ ಇನ್ನೊಂದು ಷರತ್ತು ಹಾಕಬಹುದು. ಅದೇನೂ ದೊಡ್ಡ ಹೊರೆಯಲ್ಲ. ಮನೆ ವಿಮೆಯ ಪ್ರೀಮಿಯಂ ಆರೋಗ್ಯ ವಿಮೆ, ಕಾರಿನ ವಿಮೆಗಳ ಪಕ್ಕದಲ್ಲಿಟ್ಟರೆ ತೀರಾ ಕಡಿಮೆ. ಸಾಧಾರಣ ಗಾತ್ರದ ಮನೆಗೆ ವರ್ಷಕ್ಕೆ ಕೆಲವೇ ಸಾವಿರದೊಳಗೆ ಮುಗಿಯುತ್ತದೆ. ಅದರ ಮೇಲೆ ಶೇಕಡ 18ರ ಜಿಎಸ್‌ಟಿ.

ಇನ್ನು ಎಷ್ಟು ಮೊತ್ತಕ್ಕೆ ಮಾಡಿಸಬೇಕು ಎಂಬ ಪ್ರಶ್ನೆ. ಜಾಗದ ಬೆಲೆಗೂ ಮನೆ ವಿಮೆಗೂ ಸಂಬಂಧವಿಲ್ಲ. ಚಿಕ್ಕಮಗಳೂರಿನಲ್ಲಿ ಎಕರೆಗೆ ಎಷ್ಟು ಕೋಟಿಯಾದರೂ ಆಗಲಿ, ಬೆಂಕಿ ನೆಲವನ್ನು ಸುಡುವುದಿಲ್ಲ. ಲೆಕ್ಕ ಹಾಕಬೇಕಾದ್ದು ಮನೆಯನ್ನು ಇವತ್ತು ಮತ್ತೆ ಕಟ್ಟಲು ತಗಲುವ ಖರ್ಚನ್ನು. ಕಾರ್ಪೆಟ್ ವಿಸ್ತೀರ್ಣ 1,400 ಚದರ ಅಡಿ, ಆ ಊರಿನಲ್ಲಿ ಚದರ ಅಡಿಗೆ ಕಟ್ಟುವ ದರ 2,200 ರೂಪಾಯಿ ಎಂದಿಟ್ಟುಕೊಂಡರೆ ವಿಮಾ ಮೊತ್ತ 30 ಲಕ್ಷದ 80 ಸಾವಿರ. ಭಾರತ್ ಗೃಹ ರಕ್ಷಾದಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡ 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನ್ಯ ವಸ್ತುಗಳಿಗೂ ತಾನಾಗಿ ರಕ್ಷಣೆ ಸಿಗುತ್ತದೆ. ಮೇಲಿನ ಮನೆಗೆ ಅದು 6 ಲಕ್ಷದ 16 ಸಾವಿರ. ಮಂಚ, ಬೀರು, ಫ್ರಿಜ್, ಟಿವಿಗೆ ಸಾಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಮಾಡಿಸಿದರೆ ವಿಮಾ ಮೊತ್ತ ಪ್ರತಿ ವರ್ಷ ಶೇಕಡ 10ರಂತೆ ಹೆಚ್ಚುವರಿ ಪ್ರೀಮಿಯಂ ಇಲ್ಲದೆ ಏರುತ್ತ ಹೋಗುತ್ತದೆ. ಸಿಮೆಂಟು, ಕಬ್ಬಿಣ, ಕೂಲಿ ಯಾವುದೂ ನಿಂತಲ್ಲಿ ನಿಲ್ಲದ ಕಾಲದಲ್ಲಿ ಇದು ಒಳ್ಳೆಯ ಏರ್ಪಾಡು.

ಇದೇ ಪಾಲಿಸಿಯಲ್ಲಿ ಇನ್ನೊಂದು ದೊಡ್ಡ ಉಪಕಾರವಿದೆ. ಹಿಂದೆ, 40 ಲಕ್ಷ ಬೆಲೆಯ ಮನೆಯನ್ನು 20 ಲಕ್ಷಕ್ಕೆ ವಿಮೆ ಮಾಡಿಸಿ 8 ಲಕ್ಷದ ಹಾನಿಯಾದರೆ, ಅರ್ಧಕ್ಕೆ ತಾನೇ ವಿಮೆ ಎಂದು ಪರಿಹಾರವನ್ನೂ ಅರ್ಧಕ್ಕೆ ಇಳಿಸಿ 4 ಲಕ್ಷ ಕೊಡುತ್ತಿದ್ದರು. ಈಗ ಆ ಕಡಿತವಿಲ್ಲ. ವಿಮಾ ಮೊತ್ತದ ಮಿತಿಯೊಳಗೆ ಆದ ಹಾನಿಯಷ್ಟೂ ಸಿಗುತ್ತದೆ. ಹಾಗೆಂದು ಕಡಿಮೆ ಮೊತ್ತಕ್ಕೆ ಮಾಡಿಸುವುದು ಜಾಣತನವಲ್ಲ. ಮನೆ ಪೂರ್ತಿ ನೆಲಸಮವಾದರೆ ಬರುವುದು ಬರೆದಷ್ಟೇ.

ಹಳೆಯ ಮನೆಗಳಿಗೆ ಈ ಚದರ ಅಡಿ ಲೆಕ್ಕ ಹಿಡಿಸುವುದಿಲ್ಲ. ಹಲಸಿನ ಮರದ ಕೆತ್ತನೆಯ ಕಂಬ, ಒಂದೇ ಮರದಿಂದ ತೆಗೆದ ತೊಲೆ, ತೇಗದ ಮುಚ್ಚಿಗೆ, ಕೆಂಪು ಕಲ್ಲಿನ ಎರಡಡಿ ಗೋಡೆ, ತೊಟ್ಟಿಯ ಸುತ್ತಲಿನ ಕಲ್ಲುಹಾಸು – ಇವನ್ನೆಲ್ಲ ಇಂದಿನ ಕಾಂಕ್ರೀಟಿನ ದರದಲ್ಲಿ ಮತ್ತೆ ನಿಲ್ಲಿಸಲು ಆಗುತ್ತದೆಯೇ? ಅಂಥ ಮರ ಸಿಗುವುದೇ ಕಷ್ಟ, ಕೆತ್ತುವ ಆಚಾರಿಗಳು ಇನ್ನೂ ವಿರಳ. ತೊಟ್ಟಿಮನೆ, ಗುತ್ತಿನ ಮನೆ, ಐನ್‌ಮನೆ ಇರುವವರು ಇಂಥ ಕೆಲಸ ಬಲ್ಲ ಎಂಜಿನಿಯರರಿಂದ ಅಂದಾಜು ಪಟ್ಟಿ ಬರೆಸಿ, ಆ ಮೊತ್ತಕ್ಕೇ ವಿಮೆ ಕೇಳಬೇಕು. ಕಂಚಿನ ಹಂಡೆ, ಬೆಳ್ಳಿ ದೀಪ, ಹಳೆಯ ತಂಜಾವೂರು ಚಿತ್ರದಂಥ ಅಮೂಲ್ಯ ವಸ್ತುಗಳಿಗೆ ಪಾಲಿಸಿಯಲ್ಲಿ ಬೇರೆಯದೇ ಐಚ್ಛಿಕ ಭಾಗವಿದೆ. ಮೊದಲೇ ಒಪ್ಪಿಕೊಂಡ ಬೆಲೆಗೆ ಅವನ್ನು ಸೇರಿಸಬಹುದು. ಒಟ್ಟು ಮೊತ್ತ 5 ಲಕ್ಷ, ಒಂದೊಂದು ವಸ್ತುವಿನ ಬೆಲೆ 1 ಲಕ್ಷ ಮೀರದಿದ್ದರೆ ಬೆಲೆಕಟ್ಟಿದ ಪ್ರಮಾಣಪತ್ರವೂ ಬೇಡ. ಫೋಟೊ ತೆಗೆದಿಟ್ಟಿದ್ದರೆ ಮುಂದೆ ಅನುಕೂಲ.

ಮನೆಯ ಸುತ್ತಲಿನದನ್ನು ಜನ ಮರೆಯುತ್ತಾರೆ. ಕಾಂಪೌಂಡ್ ಗೋಡೆ, ಗೇಟು, ಧರೆ ಕುಸಿಯದಂತೆ ಕಟ್ಟಿದ ತಡೆಗೋಡೆ, ನೀರಿನ ತೊಟ್ಟಿ, ಗೋಬರ್ ಗ್ಯಾಸ್ ಗುಂಡಿ, ಸೋಲಾರ್ ಫಲಕ ಇವೆಲ್ಲ ಮನೆಯ ಕಟ್ಟಡದ ಲೆಕ್ಕಕ್ಕೆ ಸೇರುತ್ತವೆ. ಮಲೆನಾಡಿನಲ್ಲಿ ಒಂದು ತಡೆಗೋಡೆಯ ಖರ್ಚೇ ಲಕ್ಷಗಳನ್ನು ದಾಟುವುದರಿಂದ ಮೊತ್ತ ಹೇಳುವಾಗ ಇವನ್ನು ಸೇರಿಸಿಯೇ ಹೇಳಬೇಕು. ಅಟ್ಟದ ಮೇಲೆ ದರ ಏರಲಿ ಎಂದು ಕಾಯಿಸಿಟ್ಟ ಅಡಿಕೆ ಮೂಟೆ, ಕಾಫಿ ಬೀಜ, ಕಾಳುಮೆಣಸು ಮಾತ್ರ ಗೃಹೋಪಯೋಗಿ ವಸ್ತುಗಳಲ್ಲ. ಮನೆ ಸುಟ್ಟರೆ ಮಂಚಕ್ಕೆ ದುಡ್ಡು ಬಂದೀತು; ಮಂಚದ ಹತ್ತು ಪಟ್ಟು ಬೆಲೆಯ ಅಡಿಕೆಗೆ ಬರುವುದಿಲ್ಲ. ದಾಸ್ತಾನಿಗೆ ಬೇರೆ ವಿಮೆ ಬೇಕು.

ಭೂಕುಸಿತದ ಮಾತಿಗೆ ಬರೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲದ ಸುತ್ತ ಗುಡ್ಡಗಳು ಜರಿದು ಬಂದದ್ದು, ಎರಡಂತಸ್ತಿನ ಮನೆಯೊಂದು ಇಳಿಜಾರಿನಲ್ಲಿ ಜಾರಿ ಹೋದ ದೃಶ್ಯ ಮೊಬೈಲಿನಿಂದ ಮೊಬೈಲಿಗೆ ಹರಿದದ್ದು ಯಾರೂ ಮರೆತಿಲ್ಲ. ಮರುವರ್ಷ ವಿರಾಜಪೇಟೆ ಕಡೆಯ ತೋರ ಗ್ರಾಮದಲ್ಲೂ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದಾಗ ಗಂಗಾವಳಿ ನದಿಗೆ ಬಿದ್ದ ಮಣ್ಣು ಎಬ್ಬಿಸಿದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಗುಡ್ಡ ಎದುರಿಗಿದ್ದು ನಡುವೆ ಹೊಳೆ ಇದ್ದವರೂ ಸುರಕ್ಷಿತರಾಗಿರಲಿಲ್ಲ.

ಭೂಕುಸಿತ ಪಾಲಿಸಿಯೊಳಗಿದೆ, ನಿಜ. ಆದರೆ ಅದರ ಕೆಳಗೆ ಬರೆದ ಹೊರತುಗಳನ್ನು ಗುಡ್ಡದ ಮೇಲೆ ಮನೆ ಕಟ್ಟಿಸುವವರು ಕಟ್ಟುವ ಮೊದಲೇ ಓದಬೇಕು. ಮಣ್ಣು ತುಂಬಿಸಿ ಮಾಡಿದ ನೆಲ ಕೂತರೆ ಪರಿಹಾರವಿಲ್ಲ. ಹೊಸ ಕಟ್ಟಡ ಸಹಜವಾಗಿ ಕೂತು ಬಿರುಕು ಬಿಟ್ಟರೆ ಇಲ್ಲ. ವಿನ್ಯಾಸ ಅಥವಾ ಕಾಮಗಾರಿ ಕಳಪೆಯಾಗಿದ್ದರೆ ಇಲ್ಲ. ಅಗೆತ, ನೆಲ ಕೊರೆಯುವ ಕೆಲಸದಿಂದ ಕುಸಿದರೂ ಇಲ್ಲ. ಮಲೆನಾಡಿನಲ್ಲಿ ಇಂದು ವಾರಾಂತ್ಯದ ಮನೆಗಳು ಹೇಗೆ ಏಳುತ್ತಿವೆ ಎಂದು ನೋಡಿದವರಿಗೆ ಈ ನಾಲ್ಕು ಸಾಲುಗಳ ತೂಕ ಗೊತ್ತಾಗುತ್ತದೆ. ಕಣಿವೆಯ ನೋಟ ಬೇಕೆಂದು ಜೆಸಿಬಿ ತಂದು ಇಳಿಜಾರನ್ನು ಕಡಿಯುತ್ತಾರೆ, ಕಡಿದ ಮಣ್ಣನ್ನು ಮುಂದಕ್ಕೆ ತಳ್ಳಿ ಅಂಗಳ ಮಾಡುತ್ತಾರೆ. ಹಿಂದೆ ನೇರವಾಗಿ ಕಡಿದ ಧರೆ, ಕೆಳಗೆ ಸಡಿಲ ಮಣ್ಣು. ಕೊಡಗಿನ 2018ರ ದುರಂತವನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಕೂಡ ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಹೀಗೆ ಬೇಕಾಬಿಟ್ಟಿ ಕಡಿದದ್ದರತ್ತ ಬೆರಳು ತೋರಿಸಿತ್ತು. ಮನೆ ಕಟ್ಟುವ ಮುಂಚೆ ಮಣ್ಣಿನ ಪರೀಕ್ಷೆ ಮಾಡಿಸಿದ ವರದಿ, ತಡೆಗೋಡೆಯ ವಿನ್ಯಾಸದ ನಕ್ಷೆ, ಪಂಚಾಯಿತಿಯ ಪರವಾನಗಿ ಇವು ಕೈಯಲ್ಲಿದ್ದರೆ ಹಾನಿ ಅಳೆಯಲು ಬರುವ ವಿಮಾ ಸರ್ವೇಯರ್ ಎದುರು ಮಾತಾಡಲು ನೆಲೆಯಿರುತ್ತದೆ.

ಕಡಲ ತೀರದವರ ಪಾಡು ಇದಕ್ಕಿಂತ ಬಿಗಿ. ಕಡಲ್ಕೊರೆತ, ನದಿ ಕೊರೆತಗಳಿಂದ ನೆಲ ಹೋಗಿ ಮನೆ ಬಿದ್ದರೆ ಭಾರತ್ ಗೃಹ ರಕ್ಷಾ ಅದನ್ನು ಭೂಕುಸಿತದ ಲೆಕ್ಕದಿಂದ ಹೊರಗಿಡುತ್ತದೆ. ಉಳ್ಳಾಲ, ಸೋಮೇಶ್ವರ, ಮರವಂತೆಯ ಕಡೆಯವರಿಗೆ ಸಮುದ್ರ ವರ್ಷವರ್ಷವೂ ಹತ್ತಿರ ಬರುವುದು ಹೊಸ ಸುದ್ದಿಯಲ್ಲ. ಚಂಡಮಾರುತದ ಗಾಳಿಗೆ ಮಾಡು ಹಾರಿದರೆ ಕ್ಲೇಮ್ ಉಂಟು. ಅಲೆ ಮೆಲ್ಲಮೆಲ್ಲನೆ ಅಡಿಪಾಯ ತಿಂದು ಗೋಡೆ ಬಿದ್ದರೆ ಇಲ್ಲ. ತೀರದಲ್ಲಿ ಜಾಗ ನೋಡುತ್ತಿರುವವರು ವಿಮೆಯಿಂದ ತುಂಬಲಾಗದ ಈ ನಷ್ಟವನ್ನು ಜಾಗದ ಬೆಲೆ ಚೌಕಾಸಿ ಮಾಡುವಾಗಲೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಗೆದ್ದಲು, ಹಂಚಿನ ಸೋರಿಕೆ, ಗೋಡೆಯ ತೇವ, ಹಳತಾಗಿ ಮುರಿದ ರೀಪು ಇವು ಮನೆಯವರ ಜವಾಬ್ದಾರಿ, ಯಾವ ಪಾಲಿಸಿಯೂ ಕೊಡುವುದಿಲ್ಲ. ವೋಲ್ಟೇಜ್ ಏರಿಳಿತಕ್ಕೆ ಸುಟ್ಟ ಪಂಪ್‌ಸೆಟ್ಟು, ಫ್ರಿಜ್ಜಿಗೂ ಬೆಂಕಿ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಅದರಿಂದ ಹೊತ್ತಿದ ಬೆಂಕಿ ಮನೆಗೆ ಹಬ್ಬಿದರೆ ಆ ಹಾನಿಗೆ ಮಾತ್ರ. ಹಾಸನ, ಕೊಡಗಿನ ಆನೆ ಓಡಾಡುವ ಊರುಗಳಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಹಳೆಯ ಬೆಂಕಿ ಪಾಲಿಸಿಯಲ್ಲಿ ಬೇರೆಯವರ ಪ್ರಾಣಿ ಬಂದು ಗುದ್ದಿದ ಹಾನಿಯನ್ನು ಹೆಸರಿಸಿಯೇ ಸೇರಿಸಿದ್ದರು. ಹೊಸದರಲ್ಲಿ ವಾಹನ, ಮರ, ವಿಮಾನ, ಗೋಡೆಯ ಉದಾಹರಣೆಗಳಿವೆ. ಆನೆ ಅಡುಗೆಮನೆಯ ಗೋಡೆ ಕೆಡವಿದರೆ ಹೇಗೆ ಎಂದು ಕಂಪನಿಯನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ವಾಸಿ.

ಊರಿನ ಮನೆಗೆ ವಿಮೆ ಮಾಡಿಸಲು ಹೊರಟವರು ಮುಗ್ಗರಿಸುವುದು ಹೆಚ್ಚಾಗಿ ಕಾಗದಪತ್ರದಲ್ಲಿ. ಮನೆ ಇನ್ನೂ ಅಜ್ಜನ ಹೆಸರಿನಲ್ಲಿದೆ, ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ, ನಾಲ್ವರು ಮಕ್ಕಳಲ್ಲಿ ಪಾಲಾಗಿಲ್ಲ, ತೆರಿಗೆ ಕಟ್ಟುತ್ತಿರುವವರು ಮೂರನೆಯವರು. ಇದು ಕರ್ನಾಟಕದ ಸಾವಿರಾರು ಮನೆಗಳ ಕತೆ. ಮನೆ ಹೋದರೆ ತನಗೆ ನಷ್ಟವಾಗುತ್ತದೆ ಎಂದು ತೋರಿಸಬಲ್ಲವರು ಮಾತ್ರ ಅದಕ್ಕೆ ವಿಮೆ ಮಾಡಿಸಬಹುದು, ನಷ್ಟವಾದ ದಿನವೂ ಆ ಹಕ್ಕು ಇರಬೇಕು. ಪಾಲುದಾರರಲ್ಲಿ ಒಬ್ಬರು ತನ್ನ ಹೆಸರಿನಲ್ಲಿ ಮಾತ್ರ ಮಾಡಿಸಿದರೆ, ಕ್ಲೇಮ್ ಬಂದಾಗ ಉಳಿದವರ ಪಾಲಿನ ಪ್ರಶ್ನೆ ಏಳುತ್ತದೆ. ಎಲ್ಲ ಪಾಲುದಾರರ ಹೆಸರನ್ನೂ ಪಾಲಿಸಿಯಲ್ಲಿ ಸೇರಿಸುವುದು ಸುರಕ್ಷಿತ. ಇಲ್ಲವಾದರೆ ಒಬ್ಬರಿಗೆ ಅಧಿಕಾರ ಕೊಟ್ಟು ಒಪ್ಪಿಗೆ ಪತ್ರ ಬರೆಯಿಸಿಕೊಳ್ಳಬೇಕು. ಐನ್‌ಮನೆಯನ್ನು ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಿನಲ್ಲಿ ಮಾಡಿಸುವಾಗಲೂ ಹೀಗೆಯೇ. ಪೌತಿ ಖಾತೆ ಮಾಡಿಸಿ, ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಕಂದಾಯ ರಸೀದಿ, ಕರೆಂಟ್ ಬಿಲ್ಲು ಸರಿಮಾಡಿಟ್ಟುಕೊಂಡರೆ ವಿಮೆಗೂ ಆಯಿತು, ಮುಂದಿನ ಪೀಳಿಗೆಯ ಜಗಳಕ್ಕೂ ತಡೆಯಾಯಿತು. ಭೂಪರಿವರ್ತನೆಯಾಗದ ಕೃಷಿ ಭೂಮಿಯಲ್ಲಿ ಎದ್ದ ಬಂಗಲೆಗಳ ಮಾಲೀಕರಿಗೆ ಈ ಕಾಗದದ ತೊಡಕು ಇನ್ನೂ ಬಲವಾಗಿ ಸುತ್ತಿಕೊಳ್ಳಬಹುದು.

ಸಾಲದಲ್ಲಿ ಕಟ್ಟಿದ ಮನೆಯಾದರೆ ಬ್ಯಾಂಕು ವಿಮೆ ಮಾಡಿಸಿರುತ್ತದೆ. ಅದು ಎಷ್ಟು ಮೊತ್ತಕ್ಕೆ, ಎಷ್ಟು ವರ್ಷಕ್ಕೆ, ಸಾಲ ತೀರಿದ ಮೇಲೂ ಇದೆಯೇ ಎಂದು ಒಮ್ಮೆ ತೆಗೆದು ನೋಡಬೇಕು. ಎಷ್ಟೋ ಸಲ ಸಾಲದ ಮೊತ್ತಕ್ಕಷ್ಟೇ ಇರುತ್ತದೆ. ಫ್ಲ್ಯಾಟ್ ಆದರೆ ನಿವಾಸಿಗಳ ಸಂಘ ಇಡೀ ಕಟ್ಟಡಕ್ಕೆ ಪಾಲಿಸಿ ಮಾಡಿಸಿದೆಯೇ ಎಂದು ಕೇಳಿ, ಒಳಗಿನ ವಸ್ತುಗಳಿಗಷ್ಟೇ ತಾವು ಮಾಡಿಸಿದರೆ ದುಪ್ಪಟ್ಟು ಖರ್ಚು ತಪ್ಪುತ್ತದೆ.

ಇನ್ನು ಹೋಂಸ್ಟೇ. ವರ್ಷವಿಡೀ ಬೀಗ ಹಾಕಿಡುವ ಬದಲು ಪ್ರವಾಸಿಗರಿಗೆ ಕೊಟ್ಟರೆ ನಿರ್ವಹಣೆಯ ಖರ್ಚಾದರೂ ಹುಟ್ಟುತ್ತದೆ ಎಂದು ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಬಹಳ ಮನೆಯವರು ಈ ದಾರಿ ಹಿಡಿದಿದ್ದಾರೆ. ವಾರಾಂತ್ಯದ ಬಾಡಿಗೆ ಶುರುವಾದ ದಿನವೇ ಮನೆಯ ಬಳಕೆ ಬದಲಾಯಿತು. ಭಾರತ್ ಗೃಹ ರಕ್ಷಾ ವಾಸದ ಮನೆಗೆ ಮಾಡಿದ್ದು. ರಾತ್ರಿಗೆ ಇಷ್ಟೆಂದು ದುಡ್ಡು ಪಡೆದು ಅತಿಥಿಗಳನ್ನು ಇಳಿಸಿಕೊಳ್ಳುವ ಕಟ್ಟಡ ವಿಮೆಯ ಕಣ್ಣಿಗೆ ವ್ಯಾಪಾರದ ಸ್ಥಳ. ಅಂಥವಕ್ಕೆ ಅದೇ 2021ರಲ್ಲಿ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ಒಂದು ಸ್ಥಳದಲ್ಲಿನ ಆಸ್ತಿಯ ಒಟ್ಟು ಬೆಲೆ 5 ಕೋಟಿಯವರೆಗೆ ಇರುವ ಉದ್ಯಮಗಳಿಗೆ ಅದು ಹೊಂದುತ್ತದೆ. ಅದಕ್ಕಿಂತ ದೊಡ್ಡ ರೆಸಾರ್ಟುಗಳಿಗೆ 50 ಕೋಟಿಯವರೆಗೆ ‘ಭಾರತ್ ಲಘು ಉದ್ಯಮ ಸುರಕ್ಷಾ’.

ಕಟ್ಟಡದ ವಿಮೆಯಷ್ಟೇ ಸಾಲದು. ಪಾಚಿ ಹಿಡಿದ ಮೆಟ್ಟಿಲಲ್ಲಿ ಅತಿಥಿ ಜಾರಿ ಕಾಲು ಮುರಿದುಕೊಂಡರೆ, ಗೀಸರಿನಿಂದ ಶಾಕ್ ಹೊಡೆದರೆ, ಮಗು ಕೃಷಿಹೊಂಡಕ್ಕೆ ಬಿದ್ದರೆ ಮಾಲೀಕರ ಮೇಲೆ ಪರಿಹಾರದ ಹೊಣೆ ಬರುತ್ತದೆ. ಇದಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಎಂಬುದು ಬೇರೆಯೇ ಇದೆ. ಬೆಂಗಳೂರಿನಲ್ಲಿ ಕೂತು, ಕೀಲಿಕೈಯನ್ನು ಕೆಲಸದವರ ಕೈಗೆ ಕೊಟ್ಟು ಮೊಬೈಲಿನಲ್ಲೇ ಬುಕಿಂಗ್ ನೋಡಿಕೊಳ್ಳುವವರಿಗೆ ಇದು ಇನ್ನೂ ಅಗತ್ಯ. ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ವಾಸವಿರುವ ಮನೆ ಎಂಬುದು ಪ್ರವಾಸೋದ್ಯಮ ಇಲಾಖೆಯ ಮೂಲ ಕಲ್ಪನೆ. ನೋಂದಣಿಯಿಲ್ಲದೆ ನಡೆಸುತ್ತಿದ್ದವರು ಅವಘಡವಾದ ದಿನ ಪೊಲೀಸರಿಗೂ ವಿಮಾ ಕಂಪನಿಗೂ ಒಟ್ಟಿಗೆ ಉತ್ತರ ಹೇಳಬೇಕಾಗುತ್ತದೆ.

ಮತ್ತೆ ಭಾರತ್ ಗೃಹ ರಕ್ಷಾಕ್ಕೆ ಬಂದರೆ, ಅದರಲ್ಲಿ ಮನೆ ವಾಸಕ್ಕೆ ಯೋಗ್ಯವಾಗಿರದಷ್ಟು ದಿನ ಬೇರೆ ಮನೆಯ ಬಾಡಿಗೆ ಕೊಡುವ ಸೌಲಭ್ಯವಿದೆ. ಎರಡನೆಯ ಮನೆಯವರಿಗೆ ಇದರ ಪ್ರಯೋಜನ ಕಡಿಮೆ. ಅವರಿಗೆ ಇರಲು ಇನ್ನೊಂದು ಮನೆ ಇದ್ದೇ ಇದೆ. ಖಾಯಂ ಬಾಡಿಗೆದಾರರಿದ್ದರೆ ತಪ್ಪಿಹೋದ ಬಾಡಿಗೆ ಕೇಳಬಹುದು. ಅವಶೇಷ ತೆರವಿಗೆ ಕ್ಲೇಮಿನ ಶೇಕಡ 2ರವರೆಗೆ, ಎಂಜಿನಿಯರು–ವಾಸ್ತುಶಿಲ್ಪಿಗಳ ಶುಲ್ಕಕ್ಕೆ ಶೇಕಡ 5ರವರೆಗೆ ಸಿಗುತ್ತದೆ. ಗುಡ್ಡದ ಮಣ್ಣು ಅಂಗಳಕ್ಕೆ ಬಂದು ಬಿದ್ದಾಗ ಲಾರಿಗಟ್ಟಲೆ ಎತ್ತಿಸಿದವರಿಗೆ ಶೇಕಡ 2 ಎಷ್ಟು ಸಣ್ಣದು ಎಂದು ಗೊತ್ತು.

ಹಾನಿಯಾದ ಮೇಲೆ ಎರಡನೆಯ ಮನೆಯವರಿಗೆ ಎದುರಾಗುವ ದೊಡ್ಡ ಪ್ರಶ್ನೆ: ಇದು ಆದದ್ದು ಯಾವಾಗ? ವಿಮೆಯವರಿಗೆ ದಿನಾಂಕ ಬೇಕು, ಕಾರಣ ಬೇಕು. ಅಕ್ಟೋಬರಿನಲ್ಲಿ ಬಾಗಿಲು ತೆರೆದವರ ಬಳಿ ಎರಡೂ ಇರುವುದಿಲ್ಲ. ಬಿರುಗಾಳಿಗೆ ಹಾರಿದ ಹಂಚೋ, ವರ್ಷಗಳಿಂದ ಸೋರುತ್ತಿದ್ದ ಹಂಚೋ ಎಂದು ಸರ್ವೇಯರ್ ಕೇಳಿದರೆ ತೋರಿಸಲು ಸಾಕ್ಷಿ ಬೇಕು. ನೆರೆಮನೆಯವರನ್ನೋ, ತೋಟ ನೋಡಿಕೊಳ್ಳುವವರನ್ನೋ ಒಪ್ಪಿಸಿ ವಾರಕ್ಕೊಮ್ಮೆಯಾದರೂ ಬಾಗಿಲು ತೆರೆಸಿ, ಒಳಗಿನ ನಾಲ್ಕು ಫೋಟೊ ಮೊಬೈಲಿಗೆ ಕಳಿಸಲು ಹೇಳಿದರೆ ಕಾಲಕ್ರಮದ ದಾಖಲೆ ತಾನೇ ಬೆಳೆಯುತ್ತದೆ. ಅವರು ಮಾಡುವ ಈ ಕೆಲಸಕ್ಕೆ ತಿಂಗಳಿಗಿಷ್ಟು ಎಂದು ಕೊಡುವುದು ನ್ಯಾಯ. ಮನೆ ತೀರಾ ಖಾಲಿ ಬಿದ್ದಿಲ್ಲ, ನೋಡಿಕೊಳ್ಳುವವರಿದ್ದಾರೆ ಎಂಬುದಕ್ಕೂ ಅದೇ ಪುರಾವೆ.

ಮಳೆಯ ವಿಚಾರದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಇಂಥ ದಿನ ಇಂಥ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಸುರಿಯಿತು ಎಂಬ ದಾಖಲೆ ಇರುತ್ತದೆ. ಗ್ರಾಮ ಆಡಳಿತ ಅಧಿಕಾರಿಯ ಮಹಜರು, ಬೆಂಕಿಯಾದರೆ ಅಗ್ನಿಶಾಮಕ ಠಾಣೆಯ ವರದಿ, ಕಳವಾದರೆ ಎಫ್‌ಐಆರ್ ಪ್ರತಿ ಜೊತೆಗಿರಬೇಕು. ಕಂಪನಿಗೆ ಸುದ್ದಿ ಮುಟ್ಟಿಸುವುದು ತಿಳಿದ ದಿನವೇ ಆಗಲಿ. ಸರ್ವೇಯರ್ ಬರುವ ಮುಂಚೆ ಎಲ್ಲವನ್ನೂ ಗುಡಿಸಿ ಸಾರಿಸಿ ಚೊಕ್ಕಟ ಮಾಡಬಾರದು. ಇನ್ನಷ್ಟು ಹಾನಿಯಾಗದಂತೆ ಟಾರ್ಪಾಲು ಹೊದಿಸಬಹುದು, ಅದೂ ಫೋಟೊ ತೆಗೆದ ಮೇಲೆ.

ಸರ್ಕಾರ ಪರಿಹಾರ ಕೊಡುತ್ತದಲ್ಲ ಎನ್ನುವವರಿದ್ದಾರೆ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ ಕರ್ನಾಟಕ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಕೇಂದ್ರದ ವಿಪತ್ತು ಪರಿಹಾರದ ಅಂದಿನ ಮಾನದಂಡದಲ್ಲಿ ಬಯಲು ಸೀಮೆಯ ಪಕ್ಕಾ ಮನೆಗಿದ್ದದ್ದು 95,100 ರೂಪಾಯಿ, ಗುಡ್ಡಗಾಡಿನಲ್ಲಿ 1,01,900. ತಲೆ ಮೇಲಿನ ಸೂರನ್ನೇ ಕಳೆದುಕೊಂಡವರಿಗೆ ಮೀಸಲಾಗಬೇಕಾದ ಹಣ ಅದು. ನಗರದಲ್ಲಿ ಇನ್ನೊಂದು ಮನೆಯಿರುವವರು ಆ ಸಾಲಿನಲ್ಲಿ ನಿಲ್ಲುವ ಬದಲು ವರ್ಷಕ್ಕೆ ಕೆಲವು ಸಾವಿರದ ಪ್ರೀಮಿಯಂ ಕಟ್ಟಿಕೊಳ್ಳುವುದೇ ಸರಿ.

ಕ್ಲೇಮನ್ನು ಕಂಪನಿ ತಳ್ಳಿಹಾಕಿದರೆ ಅಲ್ಲಿಗೇ ಕೈಚೆಲ್ಲಬೇಕಾಗಿಲ್ಲ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು ಕೊಡಬೇಕು. ಐಆರ್‌ಡಿಎಐಯ ‘ಬಿಮಾ ಭರೋಸಾ’ ತಾಣದಲ್ಲೂ, 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಒಂಬುಡ್ಸ್‌ಮನ್ ಕೊಟ್ಟ ತೀರ್ಪಿಗೆ ಕಂಪನಿ ಬದ್ಧ. ದೂರುದಾರರಿಗೆ ಅದು ಸಮಾಧಾನ ತರದಿದ್ದರೆ ಗ್ರಾಹಕರ ಆಯೋಗದ ಬಾಗಿಲು ಇನ್ನೂ ತೆರೆದೇ ಇರುತ್ತದೆ. ಅಲ್ಲಿಗೆ ಹೋಗುವಾಗ ಕೈಯಲ್ಲಿರಬೇಕಾದ ಮೊದಲ ಕಾಗದ, ಮನೆ ಬೀಗ ಹಾಕಿರುತ್ತದೆ ಎಂದು ಕಂಪನಿಗೆ ಮೊದಲೇ ತಿಳಿಸಿದ ಆ ಪ್ರಸ್ತಾವನೆ ಪತ್ರದ ಪ್ರತಿ.